ಒಂದು ಹನಿ ಎಣ್ಣೆಯ ಕರಾರು

ಮೂವತ್ತು ವರ್ಷ ಇಡೀ ಅರಬ್ಬೀ ಸಮುದ್ರವನ್ನು ದೋಣಿಯ ಹೊರಗೆ ನಿಲ್ಲಿಸಿದ ಗಂಡಸಿಗೆ, ಒಂದೂವರೆ ಲೀಟರ್ ಎಣ್ಣೆಯನ್ನು ಒಂದು ಪೆಟ್ಟಿಗೆಯ ಒಳಗೆ ನಿಲ್ಲಿಸುವುದು ಯಾವ ಮಹಾ ಕೆಲಸ!

ಹೀಗೆಂದು ಮುತ್ತ ತಾಂಡೇಲರು ಬೆಳಗಿನ ಗಂಜಿಯ ಮುಂದೆ ಕುಳಿತು ಘೋಷಿಸಿದಾಗ, ಅದನ್ನು ಕೇಳಲು ಅಲ್ಲಿದ್ದವಳು ಅವರ ಹೆಂಡತಿ ವನಜ ಒಬ್ಬಳೇ. ಅವಳು ಚಪ್ಪಾಳೆ ತಟ್ಟಲಿಲ್ಲ. ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟುತ್ತಾ ಹೇಳಿದಳು:

"ಸಮುದ್ರ ಹೊರ್ಗೆ ನಿಂತದ್ದ್ ನಿಮ್ಗ್ ಹೆದ್ರಿ ಅಲ್ಲ. ದೋಣಿ ಗಟ್ಟಿ ಇದ್ದಿತ್, ಹಾಂಗಾಯಿ."

"ದೋಣಿ ಗಟ್ಟಿ ಮಾಡದ್ದ್ ಯಾರ್? ನಾನ್!"

"ಹಾಂಗಾರೆ ಕಾರೂ ಗಟ್ಟಿ ಮಾಡಿ. ನಾನ್ ಬ್ಯಾಡ ಅಂದ್ನಾ?"

ಇಲ್ಲಿಗೆ ಮಾತು ಮುಗಿಯಲಿಲ್ಲ. ಕರಾರು ಶುರುವಾದದ್ದೇ ಇಲ್ಲಿಂದ. ಆದರೆ ಅದಕ್ಕೂ ಮೊದಲು ಈ ಕಾರಿನ ವಿಷಯ ಹೇಳಲೇಬೇಕು.

ಮೀನಿಗೆ ಹೋಗುವ ದೋಣಿಯ ಚುಕ್ಕಾಣಿ ಹಿಡಿದು, ಬಲೆ ಎಲ್ಲಿ ಬಿಡಬೇಕು ಎಲ್ಲಿ ಬಿಡಬಾರದು ಎಂದು ಅಪ್ಪಣೆ ಕೊಡುವವನೇ ತಾಂಡೇಲ. ಬಿಜೂರಿನ ಪಡುಬದಿಯ ಕಡಲ ಕರೆಯಲ್ಲಿ, ಅಂದರೆ ದಂಡೆಯಲ್ಲಿ, ಮುತ್ತ ತಾಂಡೇಲರ ಮಾತಿಗೆ ಎದುರು ಮಾತು ಆಡಿದ ಗಂಡಸು ಇರಲಿಲ್ಲ. ಹೆಂಗಸಿನ ಲೆಕ್ಕ ಬೇರೆ. ಹೀಗಿದ್ದ ತಾಂಡೇಲರಿಗೆ ನಾಲ್ಕು ವರ್ಷದ ಹಿಂದೆ ಒಂದು ದಿನ ಮೊಣಕಾಲು ಕೈಕೊಟ್ಟಿತು. ದೋಣಿ ಬೇರೆಯವರ ಪಾಲಾಯಿತು. ಅವರು ದಡದಲ್ಲೇ ಉಳಿದರು. ಉಳಿದ ಮರುವಾರವೇ, ಮುಂಬೈಯಲ್ಲಿ ಹೋಟೆಲ್ ನಡೆಸಿ ಊರು ಸೇರಿದ್ದ ಒಬ್ಬ ಮಹನೀಯರ ಶೆಡ್ಡಿನಿಂದ ನಲವತ್ತು ವರ್ಷ ಪ್ರಾಯದ ಒಂದು ಪದ್ಮಿನಿ ಕಾರನ್ನು ಮನೆಗೆ ತಂದರು. ಬಂಗುಡೆ ಮೀನಿನ ಬೆನ್ನಿನಂಥ ನೀಲಿ ಬಣ್ಣ. ಸ್ಟೇರಿಂಗಿನ ಪಕ್ಕದಲ್ಲೇ ಗೇರಿನ ಕೋಲು. ಹಿಂದಿನ ಸೀಟಿನಲ್ಲಿ ಇನ್ನೂ ಮುಂಬೈಯ ವಾಸನೆ!

ಆ ಕಾರನ್ನು ತಾಂಡೇಲರು ಓಡಿಸುತ್ತಿದ್ದ ವೈಖರಿಯನ್ನು ಊರಿನವರು ರಸ್ತೆ ಬದಿಗೆ ನಿಂತು ನೋಡುತ್ತಿದ್ದರು. ಬದಿಗೆ ನಿಲ್ಲುವುದು ಒಳ್ಳೆಯದೂ ಆಗಿತ್ತು. ಅವರಿಗೆ ಎಡ ಬಲ ಇಲ್ಲ, ತೆಂಕು ಬಡಗು ಮಾತ್ರ. ಹಾರ್ನನ್ನಂತೂ ಅವರು ಜನ್ಮದಲ್ಲಿ ಮುಟ್ಟಿದವರಲ್ಲ. "ತಾಂಡೇಲನಿಗೆ ಗಂಟ್ಲ್ ಇಲ್ದಾ? ಪೀಂ ಪೀಂ ಅಂಬುಕೆ ನಾನೆಂತ ಐಸ್‌ಕ್ಯಾಂಡಿ ಮಾರೂಕೆ ಬಂದವ್ನಾ?" ಎನ್ನುತ್ತಿದ್ದರು. ಎದುರಿಗೆ ದನ ಬರಲಿ, ಬಸ್ಸು ಬರಲಿ, ಕಿಟಕಿಯಿಂದ ತಲೆ ಹೊರಗೆ ಹಾಕಿ "ಹ್ವಾಯ್!" ಎಂದು ಒಂದು ಕೂಗು. ದನವೂ ಸರಿಯುತ್ತಿತ್ತು, ಬಸ್ಸೂ ಸರಿಯುತ್ತಿತ್ತು.

ನಗುವವರು ನಗಲಿ. ಮೂವತ್ತು ವರ್ಷ ಹತ್ತು ಹದಿನೈದು ಜನರನ್ನು ಅಪ್ಪಣೆಯಲ್ಲಿ ನಡೆಸಿದವನಿಗೆ ಈಗ ಅಪ್ಪಣೆ ಕೊಡಲು ಉಳಿದದ್ದು ಈ ಕಾರೊಂದೇ. ಇದು ತಿರುಗಿಸಿದತ್ತ ತಿರುಗುತ್ತಿತ್ತು, ನಿಲ್ಲೆಂದರೆ ಸ್ವಲ್ಪ ತಡವಾಗಿಯಾದರೂ ನಿಲ್ಲುತ್ತಿತ್ತು. ಅದಿಲ್ಲದಿದ್ದರೆ ತಾನು ಜಗಲಿಯ ಮೇಲೆ ಕುಳಿತು ಕೆಮ್ಮುವ ಮುದುಕ ಮಾತ್ರ ಎಂಬ ಹೆದರಿಕೆ ತಾಂಡೇಲರಿಗೆ ಇತ್ತು. ಅದನ್ನು ಅವರು ಯಾರಲ್ಲಿಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಇಂಥ ಕಾರಿಗೆ ಒಂದು ದುರಭ್ಯಾಸ ಅಂಟಿಕೊಂಡಿತು. ನಿಂತಲ್ಲೆಲ್ಲ ಹನಿಸುವುದು! ಹೊಟ್ಟೆಯಡಿಯ ಗೇರ್‌ಬಾಕ್ಸಿನ ಹಿಂಬದಿಯಿಂದ ದಪ್ಪ ಕಪ್ಪು ಎಣ್ಣೆ ಟಪ್, ಟಪ್ ಎಂದು ಬೀಳುತ್ತಿತ್ತು. ಬೀಳಲಿ, ನೆಲ ತಾನೇ ಎನ್ನುವಂತಿಲ್ಲ. ಆ ಅಂಗಳಕ್ಕೆ ಸಿಮೆಂಟ್ ಹಾಕಿಸಿದವಳು ವನಜ. ಒಣಮೀನು ಮಾರಿ ಮಾರಿ ಹಾಕಿಸಿದ್ದು, ಒಣಮೀನು ಹರವಲಿಕ್ಕೆಂದೇ ಹಾಕಿಸಿದ್ದು. ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಕಾರಿನಡಿಯಿಂದ ಹೊರಟ ಎಣ್ಣೆಯ ಹೊಳೆ, ಅಂಗಳದ ಇಳಿಜಾರು ಹಿಡಿದು, ಚಾಪೆಯ ಮೇಲೆ ಒಣಗಲು ಹಾಕಿದ್ದ ಶೆಟ್ಲಿಯನ್ನು ಸೇರಿತ್ತು. ಶೆಟ್ಲಿ ಎಂದರೆ ಸಿಗಡಿ. ಕುಂದಾಪುರದ ಸಂತೆಯಲ್ಲಿ ವನಜಳ ಒಣ ಶೆಟ್ಲಿಗಾಗಿ ಜನ ಜಗಳ ಮಾಡಿಕೊಳ್ಳುತ್ತಿದ್ದರು. ಒಂದು ಚಾಪೆ ಶೆಟ್ಲಿ ತಿಪ್ಪೆಗೆ ಹೋಯಿತು.

ಗಂಜಿಯ ಮುಂದಿನ ಘೋಷಣೆ ಇದರ ಬೆನ್ನಿಗೇ ಬಂದದ್ದು. ವನಜ ಸೆರಗು ಸಿಕ್ಕಿಸಿ ಎದ್ದು ನಿಂತಳು.

"ಕೇಣಿ ಇಲ್ಲಿ. ಆಯ್ತಾರ ಬೆಳಿಗ್ಗೆ ನಾನ್ ಎದ್ದ್ ಬಪ್ಪತಿಗೆ ಕಾರಿನ್ ಅಡಿ ಒಣ್ಕಂಡಿರ್ಕ್. ಒಂದ್ ಹನಿ ಎಣ್ಣಿ ಕಂಡ್ರೆ, ಸುಧೀರ ಹೇಳಿದ್ ಜನಕ್ಕೆ ಕೊಟ್ಬಿಡೂದೇ."

ಸುಧೀರ್ ವನಜಳ ತಮ್ಮ, ಶಿರೂರಿನವನು. ಅವನು ಹೇಳಿದ ಜನ ಎಂದರೆ ವಿಶಾಲ್ ಎಂಬ ಯುವಕ. ಬ್ರಹ್ಮಾವರದ ಬದಿ ಹೊಳೆ ಕರೆಯಲ್ಲಿ ಒಂದು ರಿಸಾರ್ಟ್ ಮಾಡಿದ್ದ. ಹಿಂದಿನ ತಿಂಗಳು ಬಂದು ಕಾರನ್ನು ಮೂರು ಸುತ್ತು ಬಂದು, "ಅಂಕಲ್, ಸೂಪರ್ ಪೀಸ್! ಇಂಜಿನ್, ಗೇರ್‌ಬಾಕ್ಸ್ ಎಲ್ಲ ತೆಗೆದು ಬಿಸಾಡ್ತೇವೆ. ಬಾನೆಟ್ ಒಳಗೆ ಮಣ್ಣು ತುಂಬಿ ಹೂವಿನ ಗಿಡ ನೆಡ್ತೇವೆ. ಗೇಟ್ ಹತ್ರ ನಿಲ್ಲಿಸಿದ್ರೆ ಬಂದವರೆಲ್ಲ ಫೋಟೊ ತೆಗೆಸ್ಕೊಳ್ತಾರೆ!" ಎಂದಿದ್ದ. ಆ ರಾತ್ರಿ ತಾಂಡೇಲರಿಗೆ ಊಟ ಸೇರಿರಲಿಲ್ಲ. ತಮ್ಮದೇ ಹೊಟ್ಟೆ ಬಗೆದು ದಾಸವಾಳ ನೆಟ್ಟ ಹಾಗೆ ಸಂಕಟವಾಗಿತ್ತು.

"ಅಕ್ಕ್!" ಎಂದು ಒಪ್ಪಿಕೊಂಡರು ತಾಂಡೇಲರು ಈಗ, ಮೀಸೆಯ ಮೇಲಿನ ಗಂಜಿ ಒರೆಸಿಕೊಳ್ಳುತ್ತಾ. "ಒಂದ್ ಹನಿ ಬಿದ್ರೆ ಕಾರ್ ಕೊಡು. ಬೀಳ್ದಿದ್ರೆ?"

"ಬೀಳ್ದಿದ್ರೆ ನಿಮ್ಮ್ ಕಾರ್ ಇಲ್ಲೇ ಇರ್ಲಿ. ಒಂದ್ ಹನಿ ಬೀಳೂ ತನಕ ಅದ್ರ್ ಸುದ್ದಿ ನಾನ್ ಎತ್ತೂದಿಲ್ಲ. ಮಾತ್ ಅಂದ್ರೆ ಮಾತ್."

ಶುಕ್ರವಾರ ತಾಂಡೇಲರು ಬೈಂದೂರಿನ ಒಂದು ಗ್ಯಾರೇಜಿಗೆ ಹೋದರು. ಅಲ್ಲಿಯವನು ಕಾರಿನಡಿ ಟಾರ್ಚ್ ಬಿಟ್ಟು ನೋಡಿ, ಒಳಗಿನ ಸೀಲ್ ಸವೆದಿದೆ, ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು, ಸೀಲ್ ಮುಂಬೈಯಿಂದ ತರಿಸಬೇಕು, ಹದಿನೈದು ದಿವಸವಾದರೂ ಬೇಕು ಎಂದ. ತಾಂಡೇಲರಿಗೆ ಹದಿನೈದು ದಿವಸಕ್ಕಿಂತ 'ಕೆಳಗಿಳಿಸಬೇಕು' ಎಂಬ ಮಾತೇ ಹೆಚ್ಚು ಅವಮಾನವಾಗಿ ಕೇಳಿಸಿತು.

"ಸೋರ್ತ್ ಅಂದ್ಕಂಡ್ ದೋಣಿ ಬಿಚ್ಚಿ ಹಲಗಿ ಹಲಗಿ ಮಾಡೂದ್ ಎಲ್ಲಾರೂ ಇತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟು ಬಂದರು.

ದೋಣಿ ಸೋರಿದರೆ ಏನು ಮಾಡುತ್ತಾರೆ? ಕಡಲ ಕರೆಯಲ್ಲಿ ಹುಟ್ಟಿದ ಯಾರಿಗೂ ಗೊತ್ತು. ದಡಕ್ಕೆ ಎಳೆದು, ಒಂದು ಬದಿಗೆ ಮಗ್ಗುಲು ಮಾಡಿ, ಗೂಟ ಕೊಟ್ಟು ನಿಲ್ಲಿಸುತ್ತಾರೆ. ಒಳಗಿನ ನೀರನ್ನೆಲ್ಲ ಬಸಿದು ಚೆಲ್ಲುತ್ತಾರೆ. ಸಂದಿಗೆ ಹತ್ತಿ ತುರುಕಿ, ಎಣ್ಣೆಯಲ್ಲಿ ಕರಗಿಸಿದ ಚಂದ್ರಸದ ಅಂಟನ್ನು ಮೇಲಿನಿಂದ ಬಳಿಯುತ್ತಾರೆ. ಒಣಗಿದ ಮೇಲೆ ಮುಗಿಯಿತು, ಮಳೆಗಾಲದವರೆಗೆ ಚಿಂತೆಯಿಲ್ಲ. ಈ ಪುರಾತನ ವಿದ್ಯೆಯನ್ನು ಕಾರಿಗೆ ಅನ್ವಯಿಸುವ ಬುದ್ಧಿ ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ತಾಂಡೇಲರು ಜಗತ್ತಿನ ಬಗ್ಗೆಯೇ ಮರುಕಪಟ್ಟರು.

ಶನಿವಾರ ವನಜ ಬುಟ್ಟಿ ಹೊತ್ತು ಕುಂದಾಪುರದ ಸಂತೆಗೆ ಹೋದದ್ದೇ ತಡ, ಕೆಲಸ ಸುರುವಾಯಿತು. ಅಟ್ಟದಿಂದ ಹಳೇ ಚಂದ್ರಸದ ಗಟ್ಟಿ ಇಳಿಯಿತು. ಅದನ್ನು ಕರಗಿಸಲು ಪಾತ್ರೆ ಬೇಕಲ್ಲ! ಎದುರಿಗೇ ಸಿಕ್ಕಿದ್ದು ವನಜ ಮೀನು ಸಾರು ಮಾಡುವ ಮಣ್ಣಿನ ಮಡಕೆ. ಹತ್ತಿಗೆಂದು ಒಂದು ತಲೆದಿಂಬಿನ ಹೊಟ್ಟೆ ಸೀಳಲಾಯಿತು. ಅದು ಯಾರ ತಲೆದಿಂಬು ಎಂದು ಆ ಗಡಿಬಿಡಿಯಲ್ಲಿ ನೋಡಲಿಲ್ಲ. ಕೊನೆಗೆ ಒಂದು ಕಾಲದಲ್ಲಿ ತಮ್ಮ ದೋಣಿಯಲ್ಲೇ ಇದ್ದ ಗುಡ್ಡನನ್ನು ಕರೆದರು. ಗುಡ್ಡ ಐವತ್ತರ ಆಸಾಮಿ. ತಾಂಡೇಲರು ಹೇಳಿದ್ದಕ್ಕೆ ಹೌದೆನ್ನುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು.

"ತಾಂಡೇಲ್ರೇ, ಕಾರಿಗೂ ಚಂದ್ರಸವಾ?"

"ಎಂತಕ್ ಆಗ? ನೀರಿಗೆ ಗೊತ್ತಿತ್ತಾ ಅದ್ ದೋಣಿಯಾ ಕಾರಾ ಅಂದೇಳಿ?"

"ಹೌದೌದ್," ಎಂದ ಗುಡ್ಡ. ಸೋರುತ್ತಿರುವುದು ನೀರಲ್ಲ, ಎಣ್ಣೆ ಎಂಬ ಸಣ್ಣ ಸಂಗತಿಯನ್ನು ಇಬ್ಬರೂ ಗಮನಿಸಲಿಲ್ಲ.

ಇಳಿತದ ಹೊತ್ತು. ಅಲೆ ದೂರ ಹೋಗಿ, ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿಯಾಗಿ ಮಲಗಿತ್ತು. ತಾಂಡೇಲರು ಕಾರನ್ನು ದಂಡೆಗಿಳಿಸಿ, ಮೂತಿ ಸಮುದ್ರಕ್ಕೆ ಮಾಡಿ ನಿಲ್ಲಿಸಿದರು. ಬಲೆ ಕಟ್ಟುತ್ತಿದ್ದ ನಾಲ್ಕಾರು ಜನ ಬಂದು ಹೆಗಲು ಕೊಟ್ಟರು. ಒಂದು ಬದಿಯನ್ನು ಮೇಲೆತ್ತಿ, ತೆಂಗಿನ ದಿಮ್ಮಿಗಳ ಗೂಟ ಕೊಟ್ಟು ಮಗ್ಗುಲು ಮಾಡಿದರು. ಪದ್ಮಿನಿ ಕಾಲೆತ್ತಿದ ನಾಯಿಯ ಹಾಗೆ ನಿಂತಿತು. ತಾಂಡೇಲರು ಅಡಿಗೆ ನುಗ್ಗಿ ನೋಡಿ ಆನಂದದಿಂದ ಕೂಗಿದರು:

"ಗುಡ್ಡಾ! ಇದ್ಕೂ ದೋಣಿಗಿದ್ದಾಂಗೆ ಅಡಿಯಂಗೆ ಬಿರಡಿ ಇತ್ತ್ ಮಾರಾಯಾ!"

ಇತ್ತು. ಎಣ್ಣೆ ಬಸಿಯಲೆಂದು ಗೇರ್‌ಬಾಕ್ಸಿನ ಅಡಿಯಲ್ಲಿ ತಯಾರಕರೇ ಒಂದು ಬಿರಡೆ ಇಟ್ಟಿದ್ದರು. ಸ್ಪ್ಯಾನರ್ ಹಾಕಿ ತಿರುಗಿಸಿದ್ದೇ ಒಳಗಿದ್ದ ಎಣ್ಣೆಯೆಲ್ಲ ಗುಳುಗುಳು ಬಕೆಟಿಗಿಳಿಯಿತು. "ಪೂರಾ ಬಸ್ದ್ ಹೋಯ್ಲಿ. ಒಳ್ಗ್ ಚಂಡಿ ಇದ್ರೆ ಚಂದ್ರಸ ಹಿಡೂದಿಲ್ಲ," ಎಂದು ತಾಂಡೇಲರು ಒಳಗಿನ ಒದ್ದೆಯೆಲ್ಲ ಇಳಿಯುವವರೆಗೆ, ಕೊನೆಯ ಹನಿಯವರೆಗೂ ಕಾದರು. ಒಂದು ಚಿಂದಿ ಬಟ್ಟೆ ತುರುಕಿ ಒರೆಸಿದರು ಕೂಡ. ಆಮೇಲೆ ಬಿರಡೆಯನ್ನು ಬಿಗಿಯಾಗಿ ತಿರುಗಿಸಿ, ಅದರ ಸುತ್ತ ಹತ್ತಿ, ಹಿಂಬದಿಯಲ್ಲಿ ಹತ್ತಿ, ಸಂದಿ ಕಂಡಲ್ಲೆಲ್ಲ ಹತ್ತಿ! ಅದರ ಮೇಲೆ ಮೀನು ಸಾರಿನ ಘಮದ ಬಿಸಿ ಚಂದ್ರಸ!

"ಈ ಎಣ್ಣಿ ಎಂತ ಮಾಡೂದ್ ತಾಂಡೇಲ್ರೇ?" ಎಂದು ಗುಡ್ಡ ಬಕೆಟ್ ತೋರಿಸಿದ.

"ನೀನೇ ತಕಂಡ್ ಹೋಗ್. ನಿನ್ನ್ ದೋಣಿ ಅಡಿಗೆ ಬಳಿ. ನಂಗೆಂತಕ್ಕೆ?"

ನಿಜವೇ. ದೋಣಿಯಿಂದ ಬಸಿದು ಚೆಲ್ಲಿದ್ದನ್ನು ಕೆಲಸ ಮುಗಿದ ಮೇಲೆ ಮತ್ತೆ ಒಳಗೆ ತುಂಬಿದ ತಾಂಡೇಲ ಕರಾವಳಿಯ ಚರಿತ್ರೆಯಲ್ಲೇ ಇಲ್ಲ!

ಚಂದ್ರಸ ಒಣಗಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಹಳೇ ಬಿರುಗಾಳಿಗಳ ಕತೆ ಸುರುವಾಯಿತು. ಒಂದೊಂದು ಕತೆಯಲ್ಲೂ ಅಲೆ ತೆಂಗಿನ ಮರದಷ್ಟು ಎದ್ದಿತು, ಒಂದೊಂದರಲ್ಲೂ ತಾಂಡೇಲರು ದೋಣಿ ಉಳಿಸಿದರು. ಕತೆಯ ಅಲೆ ಏಳುತ್ತಿದ್ದಂತೆ ಎದುರಿನ ಅಲೆಯೂ ಮೆಲ್ಲಗೆ ಹತ್ತಿರ ಬರುತ್ತಿತ್ತು. ಭರತದ ಹೊತ್ತನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವ ಮನುಷ್ಯ, ಅಂದು ಪಾದ ಒದ್ದೆಯಾದ ಮೇಲೆ ಹೌಹಾರಿ ಎದ್ದರು!

ಗೂಟ ತೆಗೆದು ಕಾರನ್ನು ನೆಲಕ್ಕಿಳಿಸಿದರೆ ಚಕ್ರ ಮರಳಿನಲ್ಲಿ ಹೂತು ಕುಳಿತಿತು. ಇಂಜಿನ್ ಹೊಡೆದರೆ ಇನ್ನಷ್ಟು ಹೂತಿತು. ಆಗ ತಾಂಡೇಲರು ಕಾರಿನ ಮುಂದೆ ಮೊಣಕಾಲು ನೀರಿನಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ನಾಲ್ಕು ವರ್ಷದಿಂದ ಎದೆಯಲ್ಲೇ ಉಳಿದಿದ್ದ ಕೂಗನ್ನು ಹೊರಗೆ ಬಿಟ್ಟರು:

"ಹೈಲೇಸಾ...!"

ದೋಣಿ ನೀರಿಗಿಳಿಸುವ ಕೂಗು ಅದು. ಕೇಳಿದವನು ತಾನು ಯಾರು, ಏನು ಮಾಡುತ್ತಿದ್ದೆ ಎಂದು ಯೋಚಿಸುವುದಿಲ್ಲ. ಬಲೆ ಬಿಟ್ಟು ಬಂದರು, ಬೀಡಿ ಬಿಸಾಡಿ ಬಂದರು, ಮೀಯುತ್ತಿದ್ದವನೊಬ್ಬ ಹಾಗೆಯೇ ಬಂದ. ಇಪ್ಪತ್ತು ಜನ ಕಾರಿನ ಹಿಂಬದಿಗೆ ಹೆಗಲು ಕೊಟ್ಟು, "ಐಸಾ!" ಎಂದು ಒಂದೇ ಉಸಿರಿಗೆ ನೂಕಿದರು. ಕಾರು ಮರಳಿನಿಂದ ಕಿತ್ತು ಬಂತು. ಬಂದು ಸೀದಾ ಸಮುದ್ರಕ್ಕೆ ಹೊರಟಿತು!

"ಅತ್ಲಾಗಲ್ದಾ! ಇತ್ಲಾಗೆ! ಹ್ವಾಯ್! ಹಿಂದೆ! ಹಿಂದೆ!" ಎಂದು ತಾಂಡೇಲರು ಬೊಬ್ಬೆ ಹೊಡೆದರು. ಕೂಗು ಜೋರಾದಷ್ಟೂ ನೂಕು ಜೋರಾಯಿತು. ಆ ದಂಡೆಯಲ್ಲಿ ತಾಂಡೇಲನ ಬೊಬ್ಬೆಗೆ ಇದ್ದದ್ದು ಒಂದೇ ಅರ್ಥ. ಮೊದಲ ಅಲೆ ಪದ್ಮಿನಿಯ ಮೂತಿಗೆ ಅಪ್ಪಳಿಸಿ, ಎರಡೂ ದೀಪಗಳ ಒಳಗೆ ನೀರು ತುಂಬಿತು.

ಅಷ್ಟು ಹೊತ್ತಿಗೆ ಸಂತೆಯಿಂದ ಬಸ್ಸಿಳಿದು, ಖಾಲಿ ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು ಕಡಲ ದಾರಿಯಲ್ಲಿ ಬರುತ್ತಿದ್ದ ವನಜ ಇದನ್ನೆಲ್ಲ ನೋಡುತ್ತ ನಿಂತಳು. ಬುಟ್ಟಿಯನ್ನು ಮರಳಿಗಿಳಿಸಿದಳು. ಆಮೇಲೆ ಕೇಳಿದಳು:

"ಎಂತ, ಬಂಗ್ಡಿ ಹಿಡೂಕೆ ಹೊರ್ಡದಾ?"

"ವನಜಾ, ನೀನ್ ಸುಮ್ನೆ ನಿಲ್ಲ್! ಇದ್ ಗಂಡಸ್ರ್ ಕೆಲ್ಸ!"

"ಕಾಣ್ತಾ ಇತ್ತಲೆ! ಏ ಗಂಡ್‌ಗಳೇ, ಹಿಂದಿಂದ್ ನೂಕಿರ್ ಕಾರ್ ಕೊಲ್ಲಿಗ್ ಹೋತ್! ಎದ್ರಿಗೆ ಬನ್ನಿ ಎಲ್ಲ! ನೀರಿಗ್ ಇಳಿನಿ!"

ಸಂತೆಯಲ್ಲಿ ಪಳಗಿದ ಗಂಟಲು. ಇಪ್ಪತ್ತೂ ಜನ ಮರುಮಾತಿಲ್ಲದೆ ನೀರಿಗಿಳಿದು ಎದುರಿನಿಂದ ನೂಕಿದರು. ಪದ್ಮಿನಿ ಹಿಮ್ಮುಖವಾಗಿ ದಡ ಹತ್ತಿತು. ನೀರು ಬಸಿದು, ಒರೆಸಿ, ಹೇಗೋ ಇಂಜಿನ್ ಹೊಡೆಸಿ ಮನೆಯ ಅಂಗಳಕ್ಕೆ ತಂದದ್ದಾಯಿತು. ವನಜ ಮಡಕೆಯನ್ನು ನೋಡಿದಳು. ತಲೆದಿಂಬನ್ನು ನೋಡಿದಳು. ಅದು ಅವಳದ್ದೇ ಆಗಿತ್ತು. ಪೆಟ್ಟಿಗೆಯಿಂದ ಮೈ ಒರೆಸುವ ಒಂದು ಹೊಸ ಬಿಳಿ ಬೈರಾಸು ತೆಗೆದು, ಬಿಡಿಸಿ, ಕಾರಿನಡಿಗೆ ಹಾಸಿದಳು.

"ಬೆಳಿಗ್ಗೆ ಕಾಂಬ," ಎಂದಳು.

ಭಾನುವಾರ ಬೆಳಿಗ್ಗೆ ಸೂರ್ಯನಿಗಿಂತ ಮೊದಲು ತಾಂಡೇಲರು ಎದ್ದರು. ದೇವರೇ, ಒಂದು ಹನಿ ಇಲ್ಲದ ಹಾಗೆ ಮಾಡು ಎಂದುಕೊಳ್ಳುತ್ತಾ ಬೈರಾಸನ್ನು ಎಳೆದು ನೋಡಿದರು.

ಹಾಲಿನ ಹಾಗೆ ಬಿಳಿ! ಒಂದು ಹನಿ ಇಲ್ಲ! ಹನಿಯ ನೆರಳೂ ಇಲ್ಲ!

"ವನಜಾ!" ಎಂಬ ಕೂಗಿಗೆ ನೆರೆಮನೆಯ ಕೋಳಿ ಕೂಡ ತೆಪ್ಪಗಾಯಿತು. ವನಜ ಬಂದಳು, ಬೈರಾಸನ್ನು ಮಗುಚಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು, ಮೂಸಿ ನೋಡಿದಳು.

"ಮೂಸೂದೆಂತ! ಮೂವತ್ತ್ ವರ್ಷದ್ ವಿದ್ಯೆ! ಮುಂಬೈಯಿಂದ ಸೀಲ್ ಬರ್ಕಂಬ್ರ್! ಅವ್ರೇ ಇಲ್ಲಿಗ್ ಬಂದ್ ಕಲೀಲಿ!"

"ಆಯ್ತ್," ಎಂದಳು ವನಜ. "ಸೋತೆ. ಕಾರ್ ನಿಮ್ದೇ."

ಸೋತೆ! ಮದುವೆಯಾದಂದಿನಿಂದ ಆ ಬಾಯಿಯಿಂದ ಆ ಶಬ್ದ ಬಂದದ್ದನ್ನು ತಾಂಡೇಲರು ಕೇಳಿರಲಿಲ್ಲ. ಒಂಬತ್ತು ಗಂಟೆಗೆ, ಕರಾರಿನ ಸುದ್ದಿ ಕೇಳಿದ್ದ ಸುಧೀರ್ ವಿಶಾಲನನ್ನು ಕರೆದುಕೊಂಡು ಜೀಪಿನಲ್ಲಿ ಬಂದಾಗ, ತಾಂಡೇಲರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ವಿರಾಜಮಾನರಾಗಿದ್ದರು.

"ಭಾವ, ಕಾರ್ ಕೊಡೂದ್ ಅಲ್ದಾ?" ಎಂದ ಸುಧೀರ್.

"ಕಾರಾ? ಇಂಥಾ ಕಾರ್ ಕೊಟ್ಟ್ ನಾನ್ ಎಂತ ನಡ್ಕಂಡ್ ಹೋಪ್ದಾ? ನಿನ್ನ್ ಅಕ್ಕನ್ನ್ ಇದ್ರಂಗೇ ಶಿರೂರಿಗ್ ಕರ್ಕಂಡ್ ಬತ್ತೆ ಇವತ್ತ್. ಊಟ ನಿಮ್ಮನಿಯಂಗೇ!"

ಗೆದ್ದವರ ಉದಾರತನ ಅದು. ವನಜ ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತಳು. ಹಿಂದಿನಿಂದ ಸುಧೀರನೂ ವಿಶಾಲನೂ ಜೀಪಿನಲ್ಲಿ ಹೊರಟರು. ದಾರಿಯುದ್ದಕ್ಕೂ ತಾಂಡೇಲರು ಗುರುತಿನವರು ಕಂಡಲ್ಲೆಲ್ಲ ಕಾರು ನಿಧಾನ ಮಾಡಿ, "ಒಂದ್ ಹನಿ ಇಲ್ಲ! ಒಂದ್ ಹನಿ!" ಎಂದು ಸಾರುತ್ತಾ ಬಂದರು. ಬೈಂದೂರು ಬರುವ ಹೊತ್ತಿಗೆ ಕಾರಿನಡಿಯಿಂದ ಒಂದು ಸಣ್ಣ ರಾಗ ಸುರುವಾಯಿತು.

"ಎಂತ ಅದ್, ನಾಯಿ ಮರಿ ಕುಂಯ್‌ಗುಟ್ಟದಾಂಗೆ?" ಎಂದಳು ವನಜ.

"ಹೊಸ ಚಂದ್ರಸ ಅಲ್ದಾ, ಒಂಚೂರ್ ಬಿಗಿ."

ಬೈಂದೂರು ದಾಟಿದ ಮೇಲೆ ಒತ್ತಿನೆಣೆಯ ಏರು. ಕುಂಯ್ ಎನ್ನುತ್ತಿದ್ದದ್ದು ಊಳಿಡತೊಡಗಿತು. ತಾಂಡೇಲರು ಗೇರ್ ಬದಲಿಸಲು ಕೋಲು ಎಳೆದರೆ ಅದು ಬರಲಿಲ್ಲ. ನೂಕಿದರೆ ಹೋಗಲಿಲ್ಲ. ಒಳಗಿನಿಂದ ಜಲ್ಲಿ ರುಬ್ಬಿದ ಸದ್ದು ಬಂತು, ಚಂದ್ರಸ ಸುಟ್ಟ ವಾಸನೆ ಬಂತು, ಅದರ ಹಿಂದೆಯೇ ಮೀನು ಸಾರಿನ ವಾಸನೆ ಬಂತು. ಏರಿನ ನಡುವೆ ಪದ್ಮಿನಿ ಒಮ್ಮೆ ಬೆಚ್ಚಿಬಿದ್ದು ನಿಂತೇಬಿಟ್ಟಿತು. ಕೆಳಗೆ ಸಮುದ್ರ ಬಿಸಿಲಿಗೆ ಹೊಳೆಯುತ್ತಿತ್ತು. ನೋಡುವವರಿಗೆ ಬಹಳ ಚಂದ.

ಇಬ್ಬರೂ ಇಳಿದರು. ವನಜ ಸೀರೆ ನೆರಿಗೆ ಎತ್ತಿ ಹಿಡಿದು, ಹೊಗೆಯಾಡುವ ಕಾರಿನಡಿಯನ್ನು ಬಗ್ಗಿ ನೋಡಿ ಕೇಳಿದಳು:

"ಹ್ವಾಯ್, ಒಳ್ಗ್ ಎಣ್ಣಿ ಎಷ್ಟ್ ಹೊಯ್ದಿರಿ?"

"ಹೊಯ್ಯೂದಾ?"

"ನಿನ್ನೆ ಬಸ್ದದ್ದ್ ಎಣ್ಣಿ ಎಲ್ಲಿತ್ತ್?"

ತಾಂಡೇಲರಿಗೆ ಬಕೆಟ್ ಕಣ್ಣ ಮುಂದೆ ಬಂತು. ತಾವೇ ಚಿಂದಿ ತುರುಕಿ ಒರೆಸಿದ್ದೂ ನೆನಪಾಯಿತು.

"ಗುಡ್ಡನ್ ದೋಣಿಯಂಗೆ," ಎಂದರು ಸಣ್ಣ ದನಿಯಲ್ಲಿ.

"ಅಂದ್ರೆ ಬೈರಾಸ್ ಒಣ್ಕಂಡಿದ್ದದ್ದ್..."

"ಹೂಂ."

"ಬೀಳೂಕೆ ಒಳ್ಗ್ ಎಂತದೂ ಇಲ್ದಿದ್ದಕ್ಕೆ..."

"ಹೂಂ ಅಂದ್ನಲೆ ಮಾರಾಯ್ತಿ!"

ಅಷ್ಟರಲ್ಲಿ ಜೀಪು ಬಂದು ನಿಂತಿತು. ವಿಶಾಲ್ ಇಳಿದು ಕಾರನ್ನೂ ತಾಂಡೇಲರ ಮುಖವನ್ನೂ ನೋಡಿದ. ಪಾಪ, ಒಳ್ಳೆಯ ಹುಡುಗ. ಮೆಲ್ಲನೆ ಕೇಳಿದ: "ಅಂಕಲ್, ಹಗ್ಗ ಇದೆ. ಎಳ್ಕೊಂಡು ಹೋಗ್ಬಹುದು. ಎಲ್ಲಿಗೆ ಅಂತ ಹೇಳಿ."

ಎಲ್ಲಿಗೆ? ಕಡಲಿನ ನಡುವೆ ದಿಕ್ಕು ತಪ್ಪಿದವರಿಗೆಲ್ಲ ದಾರಿ ಹೇಳಿದ ಮನುಷ್ಯ ರಸ್ತೆಯ ತೆಂಕಿಗೂ ನೋಡಿದರು, ಬಡಗಿಗೂ ನೋಡಿದರು. ಕಾರಿನ ಬಾನೆಟ್ ಮೇಲೆ ಕೈಯಿಟ್ಟರು. ಬಿಸಿಯಿತ್ತು, ಆದರೂ ತೆಗೆಯಲಿಲ್ಲ. "ನೀನೇ ತಕಂಡ್ ಹೋಗ್ ಮಾರಾಯಾ," ಎಂದರು ಕೊನೆಗೆ. "ಹೂಂಗಿನ್ ಗಿಡ ನೆಡ್. ನನ್ನಿಂದ ಆತಿಲ್ಲೆ ಇನ್ನ್."

ವಿಶಾಲ್ ಹಗ್ಗ ತರಲು ತಿರುಗಿದ.

"ನಿಲ್ಲ್ ಮಗಾ," ಎಂದಳು ವನಜ. "ಇವ್ರ್ ಯಾರ್ ಕೊಡೂಕೆ? ಕರಾರ್ ಆದದ್ದ್ ಎಂತ? ಒಂದ್ ಹನಿ ಬಿದ್ರೆ ಕೊಡೂದ್. ಸುಧೀರಾ, ಬಗ್ಗಿ ಕಾಣ್. ಬಿದ್ದಿತಾ?"

ಸುಧೀರ್ ಬಗ್ಗಿದ. ವಿಶಾಲನೂ ಬಗ್ಗಿದ. ಆ ಏರಿನಲ್ಲಿ ಲಾರಿಯವನೊಬ್ಬ ನಿಲ್ಲಿಸಿ ಅವನೂ ಬಗ್ಗಿದ.

"ಇಲ್ಲೆ ಅಕ್ಕ, ಒಣ್ಕಂಡಿತ್ತ್."

"ಮತ್ತೆ? ಮಾತ್ ಅಂದ್ರೆ ಮಾತ್. ಮನಿಗ್ ಎಳಿನಿ."

ತಾಂಡೇಲರ ಕಣ್ಣು ಮಂಜಾಯಿತು. ಸಂತೆಯಲ್ಲಿ ಒಂದು ಶೆಟ್ಲಿಯನ್ನೂ ಹೆಚ್ಚು ಕೊಡದ ಹೆಂಗಸು! ತಲೆದಿಂಬು ಹೋದರೂ, ಮಡಕೆ ಹೋದರೂ, ರೇಷ್ಮೆ ಸೀರೆಗೆ ಹೊಗೆ ಹಿಡಿದರೂ ಕೊನೆಗೆ ಗಂಡನ ಮನಸ್ಸು ನೋಡಿದಳಲ್ಲ ಎಂದು ಹಗ್ಗದ ತುದಿಯಲ್ಲಿ ತೂಗುತ್ತಾ, ದಾರಿಯುದ್ದಕ್ಕೂ ಮೂಗೇರಿಸುತ್ತಾ ಮನೆಗೆ ಬಂದರು. ಬರುವಾಗ ಯಾರಿಗೂ ಏನನ್ನೂ ಸಾರಲಿಲ್ಲ.

ಮನಸ್ಸು ನೋಡಿದ್ದು ಹೌದು. ಸುಳ್ಳಲ್ಲ. ಆದರೆ ವನಜ ಒಣಮೀನಿನ ವ್ಯಾಪಾರದವಳು. ಒಂದು ನೋಟಕ್ಕೆ ಎರಡು ಸಂಗತಿ ನೋಡುವವಳು.

ಸೋಮವಾರ ತಾಂಡೇಲರು ಬಸ್ಸಿನಲ್ಲಿ ಬೈಂದೂರಿಗೆ ಹೋಗಿ ಗುಟ್ಟಾಗಿ ಒಂದು ಡಬ್ಬಿ ಗೇರ್ ಎಣ್ಣೆ ತಂದರು. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ವನಜ ಎದುರಿಗೆ ನಿಂತಿದ್ದಳು.

"ಎಂತ ಅದ್?"

"ಎಣ್ಣಿ. ಹೊಯ್ದ್ ಕಾಂಬ ಅಂದೇಳಿ..."

"ಹೊಯ್ನಿ. ಧಾರಾಳ ಹೊಯ್ನಿ. ಆದ್ರೆ ಒಂದ್ ಹನಿ ನೆಲಕ್ಕೆ ಬಿದ್ರೆ ವಿಶಾಲನಿಗ್ ಫೋನ್ ಮಾಡೂದೇ. ಕರಾರ್ ಕರಾರೇ."

ಹೊಯ್ದರೆ ಸೋರುತ್ತದೆ. ಸೋರಿದರೆ ಕಾರು ಹೋಗುತ್ತದೆ. ಹೊಯ್ಯದಿದ್ದರೆ ಕಾರು ಉಳಿಯುತ್ತದೆ, ಆದರೆ ಹೊರಡುವುದಿಲ್ಲ! ತಾಂಡೇಲರು ಡಬ್ಬಿ ಹಿಡಿದು ಅಂಗಳದಲ್ಲಿ ಬಹಳ ಹೊತ್ತು ನಿಂತರು. ಮೂವತ್ತು ವರ್ಷ ಬಲೆ ಬೀಸಿದವರಿಗೆ ಬಲೆಯೊಳಗೆ ಇರುವುದು ಹೇಗಿರುತ್ತದೆ ಎಂದು ಅಂದು ತಿಳಿಯಿತು. ಸೀಲ್ ತರಿಸೋಣ ಎಂದು ಗ್ಯಾರೇಜಿನವನಿಗೆ ಫೋನ್ ಮಾಡಿದರೆ, ಈಗ ಸೀಲ್ ಸಾಲದು, ಇಡೀ ಗೇರ್‌ಬಾಕ್ಸೇ ಬೇಕು, ಹುಡುಕಿ ನೋಡುತ್ತೇನೆ ಎಂದ. ಅವನು ಈಗಲೂ ಹುಡುಕುತ್ತಿದ್ದಾನೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಪದ್ಮಿನಿಯ ಬಾನೆಟ್ ಮೇಲೆ, ತಲೆಯ ಮೇಲೆ, ಹಿಂದಿನ ಡಿಕ್ಕಿಯ ಮೇಲೆ ಚಾಪೆ. ಚಾಪೆಯ ಮೇಲೆ ಶೆಟ್ಲಿ! ನೆಲದಲ್ಲಿ ಎರಡು ದಿವಸ ಬೇಕಾದದ್ದು ಕಾದ ತಗಡಿನ ಮೇಲೆ ಸಂಜೆಯೊಳಗೆ ಗರಿಗರಿ. ನಾಯಿಗೆ ಎಟಕುವುದಿಲ್ಲ, ಬೆಕ್ಕು ಜಾರಿ ಬೀಳುತ್ತದೆ. ಉಳಿದದ್ದು ಕಾಗೆಯ ಕಾಟ ಒಂದೇ. ಅದಕ್ಕೆ ಯಾರಾದರೂ ಹತ್ತಿರವೇ ಕುಳಿತಿರಬೇಕು. ಕೂರಲು ಒಳಗೆ ಮೆತ್ತನೆಯ ಸೀಟೂ ಇತ್ತು.

ತಾಂಡೇಲರು ಈಗ ದಿನಾ ಗಂಜಿ ಉಂಡು ಸ್ಟೇರಿಂಗಿನ ಹಿಂದೆ ಕುಳಿತುಕೊಳ್ಳುತ್ತಾರೆ. ಮೊದಮೊದಲು ಕಿಟಕಿಯಿಂದ ತಲೆ ಹಾಕಿ "ಹ್ವಾಯ್!" ಎಂದು ಕೂಗಿದರು. ದನ ಸರಿಯಿತು, ಬಸ್ಸು ಸರಿಯಿತು, ಕಾಗೆ ಮಾತ್ರ ಸರಿಯಲಿಲ್ಲ. ಅದು ಬಾನೆಟ್ ಮೇಲೆ ಕುಳಿತು, ತಲೆ ಓರೆ ಮಾಡಿ, ತಾಂಡೇಲರನ್ನು ಗಾಜಿನೊಳಗಿಂದ ನೋಡುತ್ತಾ ಒಂದೊಂದೇ ಶೆಟ್ಲಿ ಹೆಕ್ಕಿತು.

ಮೊನ್ನೆ ಗುಡ್ಡ ಆ ದಾರಿಯಲ್ಲಿ ಹೋಗುವಾಗ ತಾಂಡೇಲರು ಸ್ಟೇರಿಂಗ್ ಹಿಡಿದು ನೆಟ್ಟಗೆ ಕುಳಿತದ್ದನ್ನು ಕಂಡು ಸಂತೋಷದಿಂದ ಕೂಗಿದ:

"ತಾಂಡೇಲ್ರೇ, ಕಾರ್ ಸರಿ ಆಯ್ತಾ? ಎಲ್ಲಿಗ್ ಹೊರ್ಡದ್?"

ತಾಂಡೇಲರು ಉತ್ತರ ಕೊಡುವ ಮೊದಲೇ ಅಡಿಗೆಮನೆಯ ಕಿಟಕಿಯಿಂದ ಅಪ್ಪಣೆ ಬಂತು:

"ಹ್ವಾಯ್! ತೆಂಕ್ ಬದಿಯಂಗೆ ಕಾಕಿ ಬಂತ್ ಕಾಣಿ! ಹಾರ್ನ್ ಹೊಡಿನಿ!"

ಮೂವತ್ತು ವರ್ಷ ಅರಬ್ಬೀ ಸಮುದ್ರಕ್ಕೇ ಅಪ್ಪಣೆ ಕೊಟ್ಟ ತಾಂಡೇಲರು ಗುಡ್ಡನ ಮುಖ ನೋಡದೆ, ಬೆರಳು ಚಾಚಿ, ಪೀಂ ಪೀಂ ಎನಿಸಿದರು.